ನಾಲ್ಕು ಸ್ವರ, ಆಮೇಲೆ ಖಾಲಿ

ಮಾರ್ಚ್ 3, ಭಾನುವಾರ, ಸಂಜೆ

ಎಂದಿನಂತೆ ಟೈರ್ ಗೋಡೌನಿನ ಹಿಂದಿನ ರೂಮಿನಲ್ಲಿ ಪ್ರಾಕ್ಟೀಸ್. ಗಿಟಾರಿನ ಆಂಪ್ ಮತ್ತೆ ಗೊರಗೊರ. ಒಂದು ಒದೆ ಕೊಟ್ಟ ಮೇಲೆ ದಾರಿಗೆ ಬಂತು. ನನ್ನ ಹೊಸ ಹಾಡನ್ನು ಬ್ಯಾಂಡಿನ ಇನ್ನಿಬ್ಬರಿಗೂ ಕೇಳಿಸಿದೆ. ಏಳು ಏಟಿನ ತಾಳ, ಹನ್ನೊಂದು ಗಿಟಾರ್ ಕಾರ್ಡ್, ಎರಡು ತಿಂಗಳ ಬೆವರು. ಡ್ರಮ್ಮರ್ ಡಬ್ಬಾ ತಲೆ ಕೆರೆದುಕೊಂಡು "ಸಖತ್ತಾಗಿದೆ ಗುರೂ" ಅಂದ. ಸಖತ್ತಾಗಿದ್ದರೆ ತಲೆ ಯಾಕೆ ಕೆರೆಯಬೇಕು?

ಆಮೇಲೆ ತಂಗಿ. ಬೇಸ್ ಗಿಟಾರ್ ಹಿಡಿದು ಒಂದೇ ವರ್ಷ. ಹಿಡಿಯಲು ಕಲಿಸಿದವನೂ ನಾನೇ. "ಅಣ್ಣ, ನಂದೂ ಒಂದಿದೆ. ನಗಬಾರ್ದು" ಅಂದಳು. ನಾಲ್ಕೇ ಸ್ವರ. ಮೇಲಕ್ಕೆ ಹತ್ತುತ್ತವೆ. ಐದನೆಯದು ಬರಬೇಕಾದ ಜಾಗದಲ್ಲಿ — ಏನೂ ಇಲ್ಲ. ಒಂದು ಏಟು ಖಾಲಿ. ಮತ್ತೆ ಅದೇ ನಾಲ್ಕು. ಚಿಕ್ಕ ಮಕ್ಕಳ ಆಟ. ಆದರೂ ನಗು ಬರಲಿಲ್ಲ.

ಬುಧವಾರ ಪರೀಕ್ಷೆ. ನಿಯಮ ಮಾಡಿದವನು ನಾನೇ. ಹೊಸ ಹಾಡನ್ನು ರೆಕಾರ್ಡ್ ಮಾಡುವಂತಿಲ್ಲ, ಬರೆದಿಡುವಂತಿಲ್ಲ. ಮೂರನೇ ದಿನ ಹಾಡು ಕಟ್ಟಿದವರು ಬಾಯಿ ಮುಚ್ಚಿಕೊಂಡು ಕೂರಬೇಕು, ಉಳಿದಿಬ್ಬರು ಒಬ್ಬೊಬ್ಬರಾಗಿ ನೆನಪಿನಿಂದ ಹಾಡಬೇಕು. ಒಬ್ಬರಿಗೆ ಮರೆತಿದ್ದರೂ ಹಾಡು ಕಸದಬುಟ್ಟಿಗೆ. ಎರಡು ಹಾಡೂ ಉಳಿದರೆ ಆರಿಸುವವನು ಡಬ್ಬಾ.

ಸ್ಟುಡಿಯೋದಲ್ಲಿ ಸಿಕ್ಕಿರುವುದು ಒಂದೇ ಹಾಡಿನ ಹೊತ್ತು. ರೇಡಿಯೋಗೆ ಹೋಗುವುದೂ ಅದೊಂದೇ. ಹನ್ನೆರಡು ವರ್ಷ ಕಾದಿದ್ದೇನೆ. ಅದು ನನ್ನದೇ ಆಗಬೇಕು.

ಮಾರ್ಚ್ 4, ಸೋಮವಾರ

ಅಮ್ಮ ಬಟ್ಟೆ ಮಡಿಸುತ್ತಾ ಗುನುಗುತ್ತಿದ್ದಳು. ಅದೇ ನಾಲ್ಕು ಸ್ವರ! ಖಾಲಿ ಜಾಗಕ್ಕೆ ಟವೆಲ್ ಕೊಡವುತ್ತಿದ್ದಳು. ಮೈಯೆಲ್ಲ ಉರಿದುಹೋಯಿತು.

"ಅವಳು ನಿನಗೂ ಹಾಡಿ ತೋರಿಸಿದ್ಲಾ?"

"ಅವಳ್ಯಾಕೋ? ಬೆಳಗ್ಗೆ ಸ್ನಾನ ಮಾಡ್ತಾ ನೀನೇ ಹಾಡ್ತಿದ್ಯಲ್ಲ. ಬಾಯಿಗೆ ಅಂಟಿಕೊಂಡುಬಿಡ್ತು ನೋಡು."

ನಾನಾ? ಥೂ!

ಮಾರ್ಚ್ 5, ಮಂಗಳವಾರ, ಕನ್ನಡಕದ ಅಂಗಡಿಯಲ್ಲಿ

ಲೆನ್ಸ್ ಉಜ್ಜುವ ಮಷೀನು ಕೂಡ ಅದನ್ನೇ ಹಾಡುತ್ತಿದೆ. ಒಬ್ಬ ಅಜ್ಜಿಯ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದೆ. ಮಾಲೀಕರಿಂದ ಮಂಗಳಾರತಿ.

ಅವಳ ಹಾಡನ್ನೇ ಬಿಚ್ಚಿ ನೋಡೋಣ ಎಂದು ಕೂತೆ. ಅಂಥದ್ದೇನಿದೆ ಅದರಲ್ಲಿ? ಮೂರು ಸಲ ಅದೇ, ನಾಲ್ಕನೇ ಸಲ ಮಾತ್ರ ಕೆಳಗೆ ಇಳಿಯುತ್ತದೆ. ಯಾರ ಗಂಟಲಿಗೂ ನಿಲುಕುವಷ್ಟೇ ಎತ್ತರ. ಆಮೇಲೆ ಆ ಖಾಲಿ... ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು ಮುಗ್ಗರಿಸಿದಂತೆ ಆಗುತ್ತದೆ. ಅವಳು ಬಿಟ್ಟ ಜಾಗವನ್ನು ಕೇಳುವವನೇ ತುಂಬಿಕೊಳ್ಳುತ್ತಾನೆ. ತುಂಬಿದ ಮೇಲೆ ಹಾಡು ಅವನದೂ ಆಗುತ್ತದೆ. ನನ್ನ ಹಾಡಿನಲ್ಲಿ ಕೇಳುವವನಿಗೆ ಕೆಲಸವೇ ಇಲ್ಲ. ಎಲ್ಲವನ್ನೂ ನಾನೇ ಮಾಡಿ ಮುಗಿಸಿದ್ದೇನೆ.

ಇದನ್ನು ತಿಳಿಯಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಅವಳಿಗೆ ಯಾರೂ ಹೇಳಿಯೇ ಕೊಡಲಿಲ್ಲ! ಹೊಟ್ಟೆಕಿಚ್ಚು. ಹೌದು, ಅದೇ. ಇಲ್ಲಿ ಬರೆಯಲು ಯಾರ ಹಂಗು?

ಮಾರ್ಚ್ 6, ಬುಧವಾರ, ಸಂಜೆ 7

ಮೊದಲು ನನ್ನ ಹಾಡು. ಡಬ್ಬಾನನ್ನು ಹೊರಗೆ ಕಳಿಸಿ ತಂಗಿ ಹಾಡಿದಳು. ಒಂದು ಏಟೂ ತಪ್ಪಲಿಲ್ಲ. ಮೂರು ದಿನ ಅಭ್ಯಾಸ ಮಾಡಿದ್ದಳಂತೆ. ಡಬ್ಬಾ ಒಳಗೆ ಬಂದು ನಾಲ್ಕನೇ ಕಾರ್ಡಿಗೇ ತಡವರಿಸಿದ. ಅವಳು ಅವನ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕಿ ದಡ ಮುಟ್ಟಿಸಿದಳು. "ಅಣ್ಣ ಎಷ್ಟು ಕಷ್ಟಪಟ್ಟಿದ್ದಾನೆ, ಸರಿಯಾಗಿ ಹಾಡೋ!" ನಾನು ಕಂಡೂ ಕಾಣದವನಂತೆ ತಂತಿ ಬಿಗಿ ಮಾಡುತ್ತಿದ್ದೆ.

ಆಮೇಲೆ ಅವಳದು. ಡಬ್ಬಾ ಮತ್ತೆ ಹೊರಗೆ, ಮೊದಲ ಸರದಿ ನನ್ನದು.

"ನೆನಪಿಲ್ಲ" ಅಂದೆ.

"ಏ, ತಮಾಷೆ ಮಾಡ್ಬೇಡ ಗುರೂ!" ಎಂದು ಬಾಗಿಲಾಚೆಯಿಂದ ಡಬ್ಬಾ ಕೂಗಿದ. "ನಾನು ಹಾಡ್ತೀನಿ, ನಂಗೆ ಪೂರ್ತಿ ಬರುತ್ತೆ."

"ಬೇಡ ಬಿಡೋ, ನಿಯಮ ಅಂದ್ರೆ ನಿಯಮ" ಅಂದಳು ತಂಗಿ. ನಗುತ್ತಿದ್ದಳು, ಆದರೆ ಕೆಳಗೆ ನೋಡುತ್ತಿದ್ದಳು. "ಅಣ್ಣಂಗೇ ನೆನಪಿಲ್ಲ ಅಂದ್ಮೇಲೆ ಅದ್ರಲ್ಲಿ ಏನೂ ಇಲ್ಲ ಅಂತಲೇ ಅರ್ಥ."

ಮಾರ್ಚ್ 7

ಗೆದ್ದೆ. ಊಟ ಸೇರಲಿಲ್ಲ.

ಮಾರ್ಚ್ 12, ಮಂಗಳವಾರ

ತಂಗಿ ಮನೆಯಲ್ಲಿ ಏನನ್ನೂ ಗುನುಗುತ್ತಿಲ್ಲ. ನನ್ನ ಹಾಡಿನ ಬೇಸ್ ಮಾತ್ರ, ಕೋಣೆಯ ಬಾಗಿಲು ಹಾಕಿಕೊಂಡು. ಊಟದ ಹೊತ್ತಿಗೆ ಅಮ್ಮ ಶುರು ಮಾಡಿದಳು: "ಅಲ್ವೇ, ನಿಮ್ಮಣ್ಣ ಸ್ನಾನ ಮಾಡ್ತಾ ಒಂದು ಹಾಡು—" ನಾನು ಅಡ್ಡಬಾಯಿ ಹಾಕಿ ನೀರು ಕೇಳಿದೆ. ನೀರು ನನ್ನ ಮುಂದೆಯೇ ಇತ್ತು.

ಮಾರ್ಚ್ 17, ಭಾನುವಾರ, ಮಧ್ಯಾಹ್ನ 3, ಸ್ಟುಡಿಯೋದ ಮೆಟ್ಟಿಲು

ಎರಡು ಟೇಕ್ ಹಾಳು. ಎರಡರಲ್ಲೂ ತಪ್ಪಿದವನು ನಾನೇ. ಮೂರನೆಯದರಲ್ಲಿ ನನ್ನ ಗಿಟಾರಿನ ಸೋಲೋ ಬಂದಾಗ ಕಣ್ಣು ಮುಚ್ಚಿದೆ, ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟೆ. ನಾಲ್ಕು ಸ್ವರ. ಖಾಲಿ. ಮತ್ತೆ ನಾಲ್ಕು. ಆ ಖಾಲಿಗೆ ಡಬ್ಬಾ ಖುಷಿಯಿಂದ ಒಂದು ಏಟು ಬಾರಿಸಿಯೂಬಿಟ್ಟ. ಮೂರು ಸಲ ಮುಗಿಸಿ ನಾಲ್ಕನೆಯದಕ್ಕೆ ಇಳಿದ ಮೇಲೆಯೇ ನನಗೆ ಎಚ್ಚರವಾದದ್ದು. ಬೇಸ್ ನಿಂತಿತ್ತು.

ಗಾಜಿನ ಆಚೆಯಿಂದ ರೆಕಾರ್ಡಿಂಗಿನವರು ಮೈಕಿನಲ್ಲಿ ಕೂಗಿದರು: "ಇದು! ಇದನ್ನ ಇಷ್ಟೊತ್ತು ಯಾಕ್ರೀ ಬಚ್ಚಿಟ್ಕೊಂಡಿದ್ರಿ?"

ಡಬ್ಬಾ ನನ್ನನ್ನು ನೋಡಿದ, ಅವಳನ್ನು ನೋಡಿದ, ಕೋಲುಗಳನ್ನು ಕೆಳಗಿಟ್ಟ. ಹತ್ತು ನಿಮಿಷ ಬ್ರೇಕ್ ಅಂದರು. ತಂಗಿ ಮೆಟ್ಟಿಲವರೆಗೆ ನನ್ನ ಹಿಂದೆಯೇ ಬಂದಳು. ಬೈಯಲಿಲ್ಲ, ಅಳಲೂ ಇಲ್ಲ.

"ಅಣ್ಣ, ಆ ಬುಧವಾರಾನೂ ನೆನಪಿತ್ತಾ?"

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ಕೆಳಗೆ ಹೋದಳು. ಬಾಗಿಲ ಬಳಿ ಕಾಯುತ್ತಿದ್ದಾಳೆ, ಇಲ್ಲಿಂದ ಚಪ್ಪಲಿ ಕಾಣುತ್ತಿದೆ. ಹೋಗಿ ಹೇಳಬೇಕು. ಬಾಯಿಗೆ ಬಾರದಿದ್ದರೆ ಎಂದು ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ — ಒಂದು ಸ್ವರವೂ ಮರೆತಿರಲಿಲ್ಲ ಪುಟ್ಟಿ, ನಿನ್ನ ಹಾಡು ನನ್ನದಕ್ಕಿಂತ —