ಮಸ್ತೂರಾಳ ಲಟ್ಟಣಿಗೆ

ಫೆಬ್ರವರಿ 27, ಬೆಳಿಗ್ಗೆ
ಮೂರು ಅಲಗು ಮಸೆದೆ. ನಾಲ್ಕನೆಯದು, ಹುಟ್ಟಲಿರುವ ಮೊಮ್ಮಗುವಿನದು, ಹಾಗೇ ಬಿದ್ದಿದೆ. ತೊಟ್ಟಿಲ ದಿಂಬಿನಡಿ ಇಡುವ ಚಾಕು. ಕೆಟ್ಟ ಕಣ್ಣು ಸುಳಿಯಬಾರದು. ಚುಸ್ತ್ ಊರಿನ ಚಾಕು ಕಮ್ಮಾರ ಅದನ್ನು ಅಂಗಡಿಯಿಂದ ತಂದರೆ ಊರೇ ನಗುತ್ತದೆ.
ಹಿಡಿಗೆಂದು ಮಸ್ತೂರಾಳ ಲಟ್ಟಣಿಗೆಯನ್ನೇ ಸೀಳಿದೆ. ಏಪ್ರಿಕಾಟ್ ಮರ. ಹೆಂಡತಿ ತೀರಿಹೋಗಿ ಐದು ತಿಂಗಳು... ಮರದೊಳಗೆ ಹುಳ ಕೊರೆದಿದೆ.

ಮಾರ್ಚ್ 1
ಮಗ ಝೋಕಿರ್‌ನದು ಒಂದೇ ರಾಗ. ಮರದೊಳಗಿನ ಗಾಳಿ ಎಳೆದು ರಾಳ ತುಂಬುವ ಪಂಪು ಬೇರೆ ತಂದಿಟ್ಟಿದ್ದಾನೆ.
"ರಾಳ ಕುಡಿಸಿದ್ರೆ ಮರ ಕಲ್ಲಾಗುತ್ತೆ ಅಪ್ಪಾ. ಹಿಂಗೇ ಬಿಟ್ರೆ ವರ್ಷದೊಳಗೆ ಬಿರಿಯುತ್ತೆ."
"ನಿಮ್ಮಮ್ಮನ ಕೈ ಸವೆಸಿದ ಮರ ಕಣೋ."
"ಮಗೂಗೆ ಚಾಕು ಮಾಡ್ತಿದೀವಿ, ಅಮ್ಮನಿಗೆ ಗೋರಿ ಕಟ್ತಿಲ್ಲ."
ಊಟ ಸೇರಲಿಲ್ಲ. ಆದರೆ ಅವನು ಹೇಳಿದ್ದು ಸುಳ್ಳಲ್ಲ. ನನ್ನ ಮುದ್ರೆಯ ಚಾಕು ಬಿರಿದದ್ದನ್ನು ನಲವತ್ತು ವರ್ಷದಲ್ಲಿ ಯಾರೂ ಕಂಡಿಲ್ಲ.

ಮಾರ್ಚ್ 4
ಒಪ್ಪಿದೆ. ಮನಸ್ಸಿಲ್ಲದೆ.

ಮಾರ್ಚ್ 5, ಮಧ್ಯಾಹ್ನ
ರಾಳಕ್ಕೆ ಮುಂಚೆ ಮರದ ಪಸೆ ಪೂರ್ತಿ ಆರಬೇಕಂತೆ. ಸೊಸೆ ಮೋಹಿರಾಳ ಒವನ್‌ನಲ್ಲಿಟ್ಟೆವು. ಅರ್ಧ ಗಂಟೆ ಆಗಿರಬೇಕು—ಮನೆ ತುಂಬ ವಾಸನೆ. ಕುರಿಬಾಲದ ಕೊಬ್ಬು, ಜೀರಿಗೆ, ಹಸಿ ಹಿಟ್ಟು. ಮಸ್ತೂರಾ ನೊರಿನ್ ಶ್ಯಾವಿಗೆಗೆ ಹಿಟ್ಟು ಲಟ್ಟಿಸುತ್ತಿದ್ದ ದಿನಗಳ ವಾಸನೆ.
ಮೋಹಿರಾ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು. "ಅತ್ತೆ ಬಂದಂಗಿದೆ ಮಾವ."
ಝೋಕಿರ್ ಗೋಡೆಯ ಕಡೆ ತಿರುಗಿದ.
ನನಗೂ ಮೊದಲು ಹಾಗೇ ಅನ್ನಿಸಿತು. ಬರುತ್ತಿಲ್ಲ, ಮರದಿಂದ ಆರಿ ಹೋಗುತ್ತಿದ್ದಾಳೆ ಎಂದು ಆಮೇಲೆ ಹೊಳೆಯಿತು. ಬರಿಗೈಯಲ್ಲೇ ಎಳೆದು ತೆಗೆದೆ. ಎರಡು ಬೆರಳಿಗೆ ಬೊಬ್ಬೆ.
ತಣ್ಣೀರು ತಂದವನು ಝೋಕಿರ್‌ನೇ. "ಬಿರಿದ್ರೆ?" ಅಂದ, ಮೆತ್ತಗೆ.
"ಬಿರೀಲಿ ಬಿಡು."
ಪಂಪು ಮತ್ತೆ ಪೆಟ್ಟಿಗೆ ಸೇರಿತು.

ಮಾರ್ಚ್ 9
ಬೊಬ್ಬೆ ಒಣಗಿದೆ. ಹಿಡಿ ಕೂರಿಸಿದೆ. ಎಣ್ಣೆ ಸಹ ಹಚ್ಚಲಿಲ್ಲ. ಅವಳ ಕೈ ಜಿಡ್ಡೇ ಸಾಕು.

ಮಾರ್ಚ್ 18
ಹೆಣ್ಣು ಮಗು! ಅಜ್ಜಿಯದೇ ಗಲ್ಲ. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಮಾರ್ಚ್ 27
ತೊಟ್ಟಿಲಿಗೆ ಹಾಕಿದರು. ಚಾಕುವನ್ನು ದಿಂಬಿನಡಿ ನಾನೇ ಇಟ್ಟೆ.

ಏಪ್ರಿಲ್ 22, ಬೆಳಿಗ್ಗೆ
ಮಗುವನ್ನು ಸ್ನಾನಕ್ಕೆ ಒಯ್ದಿದ್ದರು. ದಿಂಬು ಎತ್ತಿ ನೋಡಿದೆ. ಹಿಡಿಯಲ್ಲಿ ಬಿರುಕು, ಕೂದಲೆಳೆಯಷ್ಟು. ಬೆಳಕಿಗೆ ಹಿಡಿದರೆ—ಬಿರುಕಿಗೆ ಜೇನುಮೇಣ ತುಂಬಿದ್ದಾರೆ, ಉಗುರಿನಿಂದ ಒತ್ತಿ ಒತ್ತಿ. ಝೋಕಿರ್‌ನ ಕೆಲಸ. ನನಗೆ ಹೇಳೇ ಇಲ್ಲ, ಕಳ್ಳ. ನಾನೂ ಕೇಳುವುದಿಲ್ಲ.
ಹಿಡಿಯನ್ನು ಮೂಗಿನ ಹತ್ತಿರ ತಂದೆ. ಇನ್ನೂ ಜೀರಿಗೆಯ—