ಅತ್ತೆಯ ಹಾಡಿನ ಗುಂಪು

ಜೂನ್ ೧೨, ಬುಧವಾರ

ಯಾಕಾದರೂ ಅಷ್ಟು ಖುಷಿಪಟ್ಟೆನೋ. ಎರಡು ವರ್ಷದಿಂದ ಮುಚ್ಚಿರುವ ಆಫೀಸು ಇನ್ನು ತೆರೆಯುವುದಿಲ್ಲ, ಖಾಯಂ ಮನೆಯಿಂದಲೇ ಕೆಲಸ ಎಂದು ಬೆಳಿಗ್ಗೆ ಆಫೀಸಿನ ಆದೇಶ ಬಂತು. ಓಡಿಹೋಗಿ ಅತ್ತೆಗೆ ಹೇಳಿದೆ. "ಒಳ್ಳೇದಾಯ್ತು ಬಿಡಮ್ಮ, ಬಸ್ಸಿನ ಗೋಳು ತಪ್ತು" ಎಂದರು.

ಮಧ್ಯಾಹ್ನ ಅವರು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಸೊಸೆ ಇನ್ನು ಆಫೀಸಿಗೆ ಹೋಗಲ್ವಂತೆ ಕಣ್ರೀ. ಹಾಡೋದು ನಿಮ್ಮನೇಲೇ ಇಟ್ಕೊಳ್ಳಿ. ಈ ಮಂಡಿನೋವಲ್ಲಿ ನಾನು ಬರೋಕಾಗಲ್ಲ, ಕಾಯ್ಬೇಡಿ."

ನಾನು ನಡುಮನೆಯಲ್ಲಿ ಕುಳಿತು ಕೆಲಸ ಮಾಡಿದ ಈ ಎರಡು ವರ್ಷ ಮೊದಲು ಇಲ್ಲೇ ಸೇರುತ್ತಿದ್ದ ಅವರ ಹಾಡಿನ ಗುಂಪು ಬಂದೇ ಇರಲಿಲ್ಲ. ನನ್ನ ಆಫೀಸು ಮತ್ತೆ ತೆರೆಯಲೆಂದು ಅವರು ಕಾಯುತ್ತಿದ್ದದ್ದು ನನಗೆ ಹೊಳೆಯಲೇ ಇಲ್ಲ.

ಸಂಜೆ, "ನಾನು ಕೋಣೇಲಿ ಕೂತ್ಕೊಳ್ತೀನತ್ತೆ, ಅವರನ್ನ ಕರೀರಿ" ಎಂದೆ.

"ನಿನ್ನ ಮೀಟಿಂಗ್ ನಡೀತಿದ್ರೆ ನಂಗೆ ಗಂಟಲೇ ಏಳಲ್ಲಮ್ಮ."

ಒತ್ತಾಯಿಸಬೇಕಿತ್ತು. ಅಷ್ಟರಲ್ಲಿ ಆಫೀಸಿನ ಕರೆ ಬಂತು. ಅತ್ತೆ ತಾವೇ ಎದ್ದು ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡರು.