ಆರನೆಯ ರೀಲಿನ ನಂತರ ಐದನೆಯದು

ಸೋಮವಾರ, ಮಾರ್ಚ್ ೧೨

ಮುದ್ದು ಪುಟ್ಟಿಗೆ,

ನಿನ್ನ ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಕೈಗೇನೂ ಆಗಿಲ್ಲ, ಬರೆಯಲು ಮನಸ್ಸೇ ಬರುತ್ತಿರಲಿಲ್ಲ. ಮಗನಿಗೆ ಹಲ್ಲು ಬಂತೇ? ನಿಮ್ಮೆಜಮಾನರ ಬೆನ್ನುನೋವು ಹೇಗಿದೆ?

ಇಲ್ಲಿಯ ಸುದ್ದಿ ಕೇಳು. ನಿನ್ನಪ್ಪನನ್ನು ಟಾಕೀಸಿನಲ್ಲಿ ರೀಲು ಓಡಿಸುವ ಕೆಲಸದಿಂದ ತೆಗೆದರು. ಗಾಬರಿಯಾಗಬೇಡ, ಊಟಕ್ಕೇನೂ ತೊಂದರೆಯಿಲ್ಲ.

ಯುದ್ಧದಲ್ಲಿ ಸತ್ತವರ ನೆನಪಿಗೆಂದು ವರ್ಷಾವರ್ಷ ಆ ಹಳೆಯ ಯುದ್ಧದ ಸಿನಿಮಾ ಹಾಕುತ್ತಾರಲ್ಲ, ಈ ಸಲವೂ ಹಾಕಿದರು. ನಿನ್ನಣ್ಣ ಯುದ್ಧದಲ್ಲಿ ಹೋದಮೇಲೆ ಮುಂದಿನ ಸಾಲಿನ ಕುರ್ಚಿ ನನಗೇ ಮೀಸಲು. ಮ್ಯಾನೇಜರು ಹೂಗುಚ್ಛ ಕೊಟ್ಟು, "ಸಿನಿಮಾದ ತಾಯಿ ಹೇಗೋ ಈ ತಾಯೀನೂ ಹಾಗೇ. ಮಗ ಹೋದಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಸಿನಿಮಾ ನನಗೆ ಬಾಯಿಪಾಠವಾಗಿದೆ. ಭಾಷಣ ಬಿಗಿಯುವವನು ಕರ್ನಲ್, ಮೊದಲು ಸಾಯುವವನು ಅಡುಗೆಯವನ ಮಗ. ಅವನು ತಮಾಷೆಯ ಪಾತ್ರವಾದ್ದರಿಂದ ಸತ್ತಾಗಲೂ ಜನ ನಗುತ್ತಾರೆ. ಶತ್ರುಗಳಿಗಂತೂ ತಾಯಿಯೇ ಇಲ್ಲ, ಗಹಗಹಿಸಿ ನಗುವುದಷ್ಟೇ ಅವರ ಕೆಲಸ. ಹೆಂಗಸರು ಬಾಗಿಲಲ್ಲಿ ನಿಂತು ಕಾಯಬೇಕು. ಇದನ್ನೆಲ್ಲ ಹೊರಗೆ ಆಡಿದರೆ ನಿನ್ನಣ್ಣನಿಗೇ ಅವಮಾನವೆನ್ನುತ್ತಾರೆ, ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ಆರನೆಯ ರೀಲಿನಲ್ಲಿ ಕಥಾನಾಯಕ ಸಾಯುತ್ತಾನೆ. ಸುದ್ದಿ ತಂದವರ ಮುಂದೆ ಅವನ ತಾಯಿ ತಲೆಯೆತ್ತಿ, "ಇನ್ನೊಬ್ಬ ಮಗ ಇದ್ದಿದ್ರೆ ಅವನನ್ನೂ ಕಳಿಸ್ತಿದ್ದೆ" ಅನ್ನುತ್ತಾಳೆ. ಜನವೆಲ್ಲ ನನ್ನತ್ತ ತಿರುಗಿತು. ನಾನೂ ರೂಢಿಯಂತೆ ತಲೆಯೆತ್ತಿ ಕೂತೆ. ನಿನ್ನಪ್ಪ ಐದನೆಯ ರೀಲು ಬಿಟ್ಟು ಆರನೆಯದನ್ನು ಹಾಕಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಈಗ ಐದನೆಯದು ಶುರುವಾಯಿತು. ಪರದೆಯ ಮೇಲೆ ಬಾಗಿಲು ತೆರೆಯಿತು. ಆಗಷ್ಟೇ ಸತ್ತ ಹುಡುಗ ಟ್ರಂಕು ಹಿಡಿದು, ರಜೆಗೆಂದು ಬಂದು ನಿಂತಿದ್ದ. "ಅಮ್ಮಾ, ತುಂಬಾ ಹಸಿವು" ಎಂದ.

ಪುಟ್ಟಿ, ನಾನು ಎದ್ದು ನಿಂತು "ಬಂದ್ಯಾ ಮಗಾ" ಅಂದುಬಿಟ್ಟೆ. ಆಮೇಲೆ ಗೋಳೋ ಎಂದು ಅತ್ತೆ. ಹಿಂದೆ ಯಾರೋ ನಕ್ಕರು, ಯಾರೋ ಸಿಳ್ಳೆ ಹಾಕಿದರು. ದೀಪ ಹತ್ತಿತು. "ಸತ್ತವರ ಮರ್ಯಾದೆ ತೆಗೆದ್ರಿ" ಎಂದು ಮ್ಯಾನೇಜರು ನಿನ್ನಪ್ಪನ ಮೇಲೆ ಹರಿಹಾಯ್ದರು. ನನ್ನನ್ನು ನೋಡಿ, "ನೀವೂ ಹೀಗೆ ಮಾಡೋದಾ ಅಮ್ಮ, ಎಲ್ಲರ ಮುಂದೆ?" ಎಂದರು.

ಮನೆಗೆ ಬರುವ ದಾರಿಯಲ್ಲಿ ನಿನ್ನಪ್ಪನನ್ನು ಏನಾಯಿತೆಂದು ಕೇಳಿದೆ. "ಆ ಹುಡುಗ ಮನೆಗೆ ಬರೋ ರೀಲು ಹತ್ರ ಬಂದ್ರೆ ಪ್ರತಿ ಸಲಾನೂ ಕಣ್ಣು ತುಂಬ್ಕೊಳ್ಳತ್ತೆ ಕಣೇ. ಈ ಸಲ ಡಬ್ಬಿ ಮೇಲಿನ ನಂಬರೇ ಕಾಣಲಿಲ್ಲ" ಎಂದರು. ಇಷ್ಟು ವರ್ಷ ಅವರು ಮೇಲೆ ಆ ಸೆಖೆಯ ಪ್ರೊಜೆಕ್ಟರ್ ಕೋಣೆಯಲ್ಲಿ ಒಬ್ಬರೇ ಅಳುತ್ತಿದ್ದರಂತೆ. ಕೆಳಗೆ ಕೂತ ನನಗೆ ಗೊತ್ತೇ ಇರಲಿಲ್ಲ, ನೋಡು.

ಮಗನನ್ನು ಚೆನ್ನಾಗಿ ನೋಡಿಕೋ. ಬಿದ್ದು ಅತ್ತರೆ ಗಂಡುಹುಡುಗ ಅಳಬಾರದೆಂದು ಗದರಬೇಡ. ಎಲ್ಲರೂ ನೂರು ಕಾಲ ಬಾಳಿ.

ಇತಿ,
ನಿನ್ನ ಅಮ್ಮ

ವಿ.ಸೂ.: ಮಡಿಸಿದ ಕಾಗದ ಮತ್ತೆ ಬಿಚ್ಚಿದೆ. ನಿನ್ನಣ್ಣನ ಪೆಟ್ಟಿಗೆ ಬಂದಾಗ ಮುಚ್ಚಳಕ್ಕೆ ಮೊಳೆ ಹೊಡೆದಿತ್ತಲ್ಲ, ಒಮ್ಮೆ ತೆಗೆದು ಮುಖ ತೋರಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ಜನ ನೋಡುತ್ತಿದ್ದರು. ಸಿನಿಮಾದ ತಾಯಿ ಹಾಗೆಲ್ಲ ಕೇಳುವುದಿಲ್ಲ, ನಾನೂ ಕೇಳಲಿಲ್ಲ. ಈಗಲೂ ಬಾಗಿಲ ಸದ್ದಾದರೆ ಎದ್ದು ಹೋಗಿ ನೋಡುತ್ತೇನೆ, ಪುಟ್ಟಿ.